ವರ್ತ್ಮವೈಷಮ್ಯ: ಕಣ್ಣುರೆಪ್ಪೆಯ ಚಿಕಿತ್ಸೆಯ ಇತಿಹಾಸದಲ್ಲಿ ಒಂದು ಪಾಠವಿಚಾರ

1

ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗ ಅಮೋಘವರ್ಷನ ಕಾಲದಲ್ಲಿದ್ದ ಉಗ್ರಾದಿತ್ಯಾಚಾರ್ಯನು ತನ್ನ ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥದಲ್ಲಿ ತನಗಿಂತ ಹಿಂದಿನ ಜೈನ ವೈದ್ಯಾಚಾರ್ಯರನ್ನೂ ಅವರವರು ರಚಿಸಿದ ಆಯುರ್ವೇದದ ಅಂಗಗಳನ್ನೂ ಸ್ಮರಿಸಿರುವುದು ವಿದ್ವಾಂಸರಿಗೆ ತಿಳಿದ ಸಂಗತಿಯೇ. ಆ ಪಟ್ಟಿಯಲ್ಲಿ ಶಲ್ಯತಂತ್ರವು ಪಾತ್ರಸ್ವಾಮಿಗೂ, ವಿಷ ಮತ್ತು ಉಗ್ರಗ್ರಹಶಮನವು ಸಿದ್ಧಸೇನನಿಗೂ, ಕಾಯಚಿಕಿತ್ಸೆಯು ದಶರಥಗುರುವಿಗೂ, ಬಾಲಚಿಕಿತ್ಸೆಯು ಮೇಘನಾದನಿಗೂ ಸಲ್ಲುತ್ತವೆ. ಶಾಲಾಕ್ಯವನ್ನು ಹೇಳಿದವನು ಪೂಜ್ಯಪಾದ. ಶಲಾಕೆಯೆಂದರೆ ಕಡ್ಡಿ. ಕಣ್ಣು, ಕಿವಿ, ಮೂಗು, ಬಾಯಿ ಮೊದಲಾದ ಕೊರಳ ಮೇಲಣ ಅಂಗಗಳ ರೋಗಗಳಿಗೆ ಈ ಉಪಕರಣದ ಸಹಾಯದಿಂದ ಮಾಡುವ ಚಿಕಿತ್ಸೆಯನ್ನು ನಿರೂಪಿಸುವುದರಿಂದ ಆ ಅಂಗಕ್ಕೆ ಶಾಲಾಕ್ಯವೆಂಬ ಹೆಸರು ಬಂದಿದೆ.

ಪೂಜ್ಯಪಾದನ ಆ ಶಾಲಾಕ್ಯವು ಇಂದು ಉಪಲಬ್ಧವಿಲ್ಲ. ಅದರ ನಷ್ಟವು ಎಷ್ಟು ದೊಡ್ಡದೆಂಬುದನ್ನು ಒಂದು ಚಿಕ್ಕ ಅಂಗದ, ಅಂದರೆ ಕಣ್ಣುರೆಪ್ಪೆಯ, ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಎರಡು ಕಣ್ಣುಗಳ ರೆಪ್ಪೆಗಳು ಒಂದೇ ಮಟ್ಟದಲ್ಲಿರದೆ ಒಂದು ಇಳಿದೋ ಇನ್ನೊಂದು ಏರಿಯೋ ಇರುವ ಸ್ಥಿತಿಯನ್ನು ಇಲ್ಲಿ ‘ವರ್ತ್ಮವೈಷಮ್ಯ’ವೆಂದು ಕರೆದಿದೆ. ಇದು ನಮ್ಮ ಅನುಕೂಲಕ್ಕಾಗಿ ಮಾಡಿಕೊಂಡ ಹೆಸರೇ ಹೊರತು ಪ್ರಾಚೀನ ಗ್ರಂಥಗಳ ಪರಿಭಾಷೆಯಲ್ಲ. ಈ ಸ್ಥಿತಿಗೆ ಹಿಂದಿನವರು ಏನು ಮಾಡುತ್ತಿದ್ದರು, ಇಂದಿನ ವೈದ್ಯರು ಏನು ಮಾಡುತ್ತಾರೆ, ಇವೆರಡರ ನಡುವೆ ಹಸ್ತಪ್ರತಿಗಳನ್ನು ಓದುವವರ ಹೊಣೆಯೇನು ಎಂಬ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಪರಿಶೀಲಿಸಬಹುದು.

2

ಸುಶ್ರುತಸಂಹಿತೆಯ ಉತ್ತರತಂತ್ರವು ಕಣ್ಣಿನ ರೋಗಗಳಿಂದಲೇ ಆರಂಭವಾಗುತ್ತದೆ. ಕಣ್ಣಿನಲ್ಲಿ ಪಕ್ಷ್ಮ, ವರ್ತ್ಮ, ಶ್ವೇತ, ಕೃಷ್ಣ, ದೃಷ್ಟಿ ಎಂಬ ಐದು ಮಂಡಲಗಳನ್ನು ಗುರುತಿಸಿ, ಒಟ್ಟು 76 ರೋಗಗಳನ್ನು ಎಣಿಸಿದೆ. ಅವುಗಳಲ್ಲಿ ವರ್ತ್ಮ, ಎಂದರೆ ರೆಪ್ಪೆ, ಅದಕ್ಕೆ ಸಂಬಂಧಿಸಿದವು 21. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಕಣ್ಣಿನ ರೋಗಗಳ ಒಟ್ಟು ಸಂಖ್ಯೆ 94ಕ್ಕೂ ವರ್ತ್ಮರೋಗಗಳ ಸಂಖ್ಯೆ 24ಕ್ಕೂ ಏರುತ್ತದೆ. ಸುಶ್ರುತನು ಈ ರೋಗಗಳನ್ನು ಚಿಕಿತ್ಸೆಯ ದೃಷ್ಟಿಯಿಂದಲೂ ವಿಂಗಡಿಸಿದ್ದಾನೆ. ಕತ್ತರಿಸತಕ್ಕವು 11, ಕೆರೆಯತಕ್ಕವು 9, ಸೀಳತಕ್ಕವು 5, ಸಿರಾವೇಧಕ್ಕೆ ಯೋಗ್ಯವಾದವು 15, ಶಸ್ತ್ರ ಸಲ್ಲದವು 12, ಚಿಕಿತ್ಸೆಯಿಂದ ಹಿಡಿತದಲ್ಲಿಡಬಹುದಾದವು 7, ಅಸಾಧ್ಯವಾದವು 15, ಹೊರಗಿನ ಕಾರಣದಿಂದ ಬಂದವು 2. ಶಸ್ತ್ರವನ್ನು ಹಿಡಿಯುವುದಕ್ಕೆ ಮೊದಲು ಅದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ನಿಷ್ಕರ್ಷಿಸಿರುವ ಈ ವಿವೇಕವು ಗಮನಾರ್ಹವಾದುದು.

ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ರೋಗ ‘ವಾತಹತವರ್ತ್ಮ’. ಇದರಲ್ಲಿ ರೆಪ್ಪೆಯ ಸಂಧಿಯು ಸಡಿಲವಾಗಿ, ರೆಪ್ಪೆಯು ಚಲನೆಯನ್ನು ಕಳೆದುಕೊಳ್ಳುತ್ತದೆ. ನೋವು ಇರಬಹುದು, ಇಲ್ಲದಿರಬಹುದು. ಇಷ್ಟರವರೆಗೆ ಅರ್ಥದಲ್ಲಿ ತೊಡಕಿಲ್ಲ. ತೊಡಕು ಬರುವುದು ಲಕ್ಷಣದ ಕೊನೆಯ ಕ್ರಿಯಾಪದದಲ್ಲಿ. ಅದನ್ನು ‘ನ ಮೀಲ್ಯತೇ’ ಎಂದು ಓದಿದರೆ ರೆಪ್ಪೆಯು ಮುಚ್ಚುವುದಿಲ್ಲವೆಂದೂ, ‘ನಿಮೀಲ್ಯತೇ’ ಎಂದು ಓದಿದರೆ ರೆಪ್ಪೆಯು ಮುಚ್ಚಿಕೊಂಡಿರುತ್ತದೆಂದೂ ಅರ್ಥವಾಗುತ್ತದೆ. ಒಂದು ಗುಡಿಸು ಇದೆಯೋ ಇಲ್ಲವೋ ಎಂಬುದರ ಮೇಲೆ ರೋಗವೇ ತಲೆಕೆಳಗಾಗುತ್ತದೆ. ಆಧುನಿಕ ವ್ಯಾಖ್ಯಾನಕಾರರಲ್ಲಿ ಕೆಲವರು ವಾತಹತವರ್ತ್ಮವನ್ನು ರೆಪ್ಪೆ ಜೋಲುವ ರೋಗವೆಂದೂ, ಕೆಲವರು ರೆಪ್ಪೆ ಮುಚ್ಚಲಾರದ ರೋಗವೆಂದೂ ಗುರುತಿಸಿರುವುದು ಈ ಹಿನ್ನೆಲೆಯಲ್ಲಿ ಆಶ್ಚರ್ಯವಲ್ಲ.

ಪಾಠನಿರ್ಣಯಕ್ಕೆ ನಾವು ಸಾಮಾನ್ಯವಾಗಿ ಬಳಸುವ ಸಾಧನಗಳು ಇಲ್ಲಿ ಎಷ್ಟು ನೆರವಾಗುತ್ತವೆಂಬುದನ್ನು ನೋಡೋಣ. ಮೊದಲನೆಯದು ಛಂದಸ್ಸು. ‘ನ’ ಎಂಬುದೂ ಲಘು, ‘ನಿ’ ಎಂಬುದೂ ಲಘು. ಆದ್ದರಿಂದ ಯಾವ ಪಾಠವನ್ನು ಸ್ವೀಕರಿಸಿದರೂ ವೃತ್ತವು ಕೆಡುವುದಿಲ್ಲ. ಎರಡನೆಯದು ಪದವಿಭಾಗ. ತಾಳೆಯೋಲೆಗಳಲ್ಲಿ ಪದಗಳ ನಡುವೆ ತೆರಪು ಬಿಡುವ ರೂಢಿಯಿಲ್ಲದ ಕಾರಣ ‘ನಮೀಲ್ಯತೇ’ ಎಂಬುದು ಎರಡು ಪದಗಳೋ ಒಂದೋ ಎಂಬುದನ್ನು ಓಲೆಯು ತಾನಾಗಿ ಹೇಳದು. ಮೂರನೆಯದು ಲಿಪಿ. ಕಂಠದಿಂದ ಕೊರೆದ ಕನ್ನಡ ಲಿಪಿಯಲ್ಲಿ ಇಕಾರದ ಚಿಹ್ನೆಯು ಅಕ್ಷರದ ತಲೆಯ ಮೇಲಿನ ಒಂದು ಕಿರಿಯ ಸುತ್ತು ಮಾತ್ರ. ಮಸಿ ಮಾಸಿದ ಅಥವಾ ಅಂಚು ಮುರಿದ ಓಲೆಯಲ್ಲಿ ಅದು ಅಳಿದುಹೋಗಲು ಹೆಚ್ಚು ಕಾಲ ಬೇಕಿಲ್ಲ. ಉಳಿಯುವುದು ಅರ್ಥಸಂಗತಿಯೊಂದೇ. ಸಂಧಿ ಸಡಿಲವಾಗಿ ಚೇಷ್ಟೆಯನ್ನು ಕಳೆದುಕೊಂಡ ರೆಪ್ಪೆಯು ಜೋತುಬೀಳಲೂ ಬಹುದು, ತೆರೆದೇ ನಿಲ್ಲಲೂ ಬಹುದು. ಹೀಗೆ ಎರಡು ಪಾಠಗಳೂ ಅರ್ಥವತ್ತಾಗಿರುವಾಗ ಸಂಪಾದಕನು ತನಗೆ ಮೆಚ್ಚಿದ ಒಂದನ್ನು ಮೂಲದಲ್ಲಿಟ್ಟು ಇನ್ನೊಂದನ್ನು ಬಿಟ್ಟುಬಿಡುವುದು ಶಾಸ್ತ್ರಕ್ಕೆ ಮಾಡುವ ಅಪಚಾರವಾಗುತ್ತದೆ.

ಈ ರೋಗವನ್ನು ಸುಶ್ರುತನು ಅಸಾಧ್ಯವಾದ ವಾತರೋಗಗಳ ಗುಂಪಿಗೆ ಸೇರಿಸಿದ್ದಾನೆ. ತನ್ನ ಕಾಲದ ಶಸ್ತ್ರಕ್ಕೆ ನಿಲುಕದುದನ್ನು ನಿಲುಕದೆಂದೇ ಹೇಳಿದ ಈ ಪ್ರಾಮಾಣಿಕತೆಯನ್ನು, ಸಕಲವೂ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ಸಾರುವವರು ಮರೆಯಬಾರದು.

3

ಹಾಗಾದರೆ ರೆಪ್ಪೆಯ ಮೇಲೆ ಶಸ್ತ್ರಕ್ರಿಯೆ ನಡೆಯುತ್ತಲೇ ಇರಲಿಲ್ಲವೇ? ನಡೆಯುತ್ತಿತ್ತು, ಅದೂ ಅತ್ಯಂತ ಎಚ್ಚರದಿಂದ. ‘ಪಕ್ಷ್ಮಕೋಪ’ವೆಂಬ ರೋಗದಲ್ಲಿ ಎವೆಗೂದಲುಗಳು ಒಳಮುಖವಾಗಿ ತಿರುಗಿ ಕಣ್ಣಿನ ಗುಡ್ಡೆಯನ್ನು ಉಜ್ಜುತ್ತವೆ. ಇದಕ್ಕೆ ಉತ್ತರತಂತ್ರದ 16ನೆಯ ಅಧ್ಯಾಯದಲ್ಲಿ ಹೇಳಿರುವ ವಿಧಾನ ಹೀಗಿದೆ. ಮೊದಲು ರೋಗಿಗೆ ಸ್ನೇಹನವನ್ನು ಮಾಡಬೇಕು. ಹುಬ್ಬಿನ ಕೆಳಗೆ ಎರಡು ಭಾಗವನ್ನೂ ಎವೆಗೂದಲಿನ ಕಡೆಗೆ ಒಂದು ಭಾಗವನ್ನೂ ಬಿಟ್ಟು, ಒಳಗಣ್ಣಿನಿಂದ ಕಡೆಗಣ್ಣಿನವರೆಗೆ ಸಮವಾಗಿ, ಜವೆಗೋಧಿಯ ಕಾಳಿನ ಆಕಾರದಲ್ಲಿಯೂ ಪ್ರಮಾಣದಲ್ಲಿಯೂ ಚರ್ಮವನ್ನು ಕತ್ತರಿಸಿ ತೆಗೆಯಬೇಕು. ಬಳಿಕ ಕೂದಲಿನಿಂದ ಹೊಲಿದು, ತುಪ್ಪ ಮತ್ತು ಜೇನನ್ನು ಲೇಪಿಸಬೇಕು. ಹಣೆಗೆ ಒಂದು ಪಟ್ಟಿಯನ್ನು ಕಟ್ಟಿ, ಹೊಲಿಗೆಯ ಕೂದಲುಗಳನ್ನು ಅದಕ್ಕೆ ಬಿಗಿಯಬೇಕು. ಗಾಯವು ಗಟ್ಟಿಯಾದ ಮೇಲೆ ಕೂದಲುಗಳನ್ನು ಬಿಡಿಸಬೇಕು. ಇದರಿಂದ ಗುಣವಾಗದಿದ್ದಲ್ಲಿ ಅಗ್ನಿಕರ್ಮ, ಕ್ಷಾರ ಮೊದಲಾದ ಬೇರೆ ಉಪಾಯಗಳನ್ನು ಸೂಚಿಸಿದೆ. ಇಷ್ಟಾದರೂ ಪಕ್ಷ್ಮಕೋಪವನ್ನು ಪೂರ್ಣವಾಗಿ ಗುಣವಾಗುವ ರೋಗವೆಂದು ಹೇಳದೆ ಯಾಪ್ಯವೆಂದೇ ಎಣಿಸಿದೆ.

ಇಲ್ಲಿ ಎರಡು ಅಂಶಗಳು ವಿಚಾರಾರ್ಹವಾಗಿವೆ. ಜವೆಗೋಧಿಯ ಕಾಳು ಎರಡು ತುದಿಗಳಲ್ಲಿ ಮೊನಚು, ನಡುವೆ ಅಗಲ. ಈ ಆಕಾರದಲ್ಲಿ ಚರ್ಮವನ್ನು ತೆಗೆದರೆ ಹೊಲಿದಾಗ ಅಂಚುಗಳು ಸುಕ್ಕಿಲ್ಲದೆ ಒಂದೇ ಗೆರೆಯಾಗಿ ಕೂಡಿಕೊಳ್ಳುತ್ತವೆ. ಇಂದಿನ ಶಸ್ತ್ರವೈದ್ಯನು ಮೇಲಿನ ರೆಪ್ಪೆಯ ಹೆಚ್ಚುವರಿ ಚರ್ಮವನ್ನು ತೆಗೆಯುವಾಗಲೂ ಹೆಚ್ಚುಕಡಿಮೆ ಇದೇ ಆಕಾರವನ್ನು ರೆಪ್ಪೆಯ ಮೇಲೆ ಗುರುತು ಮಾಡಿಕೊಳ್ಳುತ್ತಾನೆ. ಎರಡನೆಯದಾಗಿ, ಹುಬ್ಬಿನ ಕೆಳಗೆ ಎರಡು ಭಾಗವನ್ನು ಬಿಡಬೇಕೆಂಬ ನಿಯಮವು ಕಣ್ಣು ಮುಚ್ಚಲು ಸಾಕಷ್ಟು ಚರ್ಮವನ್ನು ಉಳಿಸುತ್ತದೆ. ಹುಬ್ಬಿನ ಆಸುಪಾಸಿನಲ್ಲಿ ಆವರ್ತ ಮತ್ತು ಅಪಾಂಗವೆಂಬ ಮರ್ಮಗಳಿವೆಯೆಂದೂ, ಅವುಗಳಿಗೆ ಪೆಟ್ಟಾದರೆ ದೃಷ್ಟಿಗೆ ಹಾನಿಯೆಂದೂ ಶಾರೀರಸ್ಥಾನದಲ್ಲಿ ಹೇಳಿರುವುದನ್ನು ಇದರೊಡನೆ ಓದಿಕೊಳ್ಳಬಹುದು.

ಆದರೆ ಇವೆರಡು ಕ್ರಿಯೆಗಳ ಉದ್ದೇಶವು ಒಂದೇ ಅಲ್ಲ. ಸುಶ್ರುತನ ಶಸ್ತ್ರಕ್ರಿಯೆಯು ಕಣ್ಣನ್ನು ಉಜ್ಜುವ ಕೂದಲನ್ನು ಹೊರಕ್ಕೆ ಸೆಳೆಯುವುದಕ್ಕಾಗಿ ಮಾಡಿದುದು; ಮುಖಶೋಭೆಗಾಗಿಯೋ ರೆಪ್ಪೆಗಳನ್ನು ಸಮಗೊಳಿಸುವುದಕ್ಕಾಗಿಯೋ ಅಲ್ಲ. ಆಕಾರದ ಸಾಮ್ಯವನ್ನು ಕಂಡು ಪ್ರಯೋಜನದ ಸಾಮ್ಯವನ್ನು ಊಹಿಸುವುದು ತರ್ಕದೋಷವಾಗುತ್ತದೆ.

4

ಜೈನ ವೈದ್ಯರ ವಿಷಯಕ್ಕೆ ಬಂದಾಗ ಈ ವಿಧಾನದ ಒಂದು ಮಾತು ನಮ್ಮನ್ನು ತಡೆದು ನಿಲ್ಲಿಸುತ್ತದೆ. ಅದು ಜೇನು. ಶ್ರಾವಕನ ಮೂಲಗುಣಗಳಲ್ಲಿ ಮದ್ಯ, ಮಾಂಸಗಳಂತೆ ಮಧುವಿನ ತ್ಯಾಗವೂ ಸೇರಿದೆ. ಉಗ್ರಾದಿತ್ಯನು ನೃಪತುಂಗನ ಆಸ್ಥಾನದಲ್ಲಿ ವೈದ್ಯರ ಸಭೆಯ ಮುಂದೆ ಮಾಂಸಸೇವನೆಯ ನಿಷ್ಫಲತೆಯನ್ನು ಪ್ರತಿಪಾದಿಸಿದ ಪ್ರಕರಣವನ್ನು ತನ್ನ ಗ್ರಂಥಕ್ಕೆ ಅನುಬಂಧವಾಗಿ ಸೇರಿಸಿದ್ದಾನೆ. ಸುಮಾರು ಕ್ರಿ.ಶ. 1150ರಲ್ಲಿದ್ದ ಜಗದ್ದಳ ಸೋಮನಾಥನು ಪೂಜ್ಯಪಾದನ ವೈದ್ಯಗ್ರಂಥವನ್ನು ಅನುಸರಿಸಿ ಕನ್ನಡದಲ್ಲಿ ರಚಿಸಿದ ‘ಕರ್ಣಾಟಕ ಕಲ್ಯಾಣಕಾರಕ’ದ ಚಿಕಿತ್ಸೆಯೂ ಮದ್ಯಮಾಂಸಗಳನ್ನು ಪೂರ್ಣವಾಗಿ ವರ್ಜಿಸಿದುದಾಗಿದೆ. ಆದ್ದರಿಂದ ಜೈನ ವೈದ್ಯಪರಂಪರೆಯು ಸುಶ್ರುತಾದಿಗಳ ವಿಧಾನವನ್ನು ಯಥಾವತ್ತಾಗಿ ನಕಲು ಮಾಡಿದುದಲ್ಲ. ತನ್ನ ವ್ರತಕ್ಕೆ ಹೊಂದುವಂತೆ ಪ್ರತಿಯೊಂದು ದ್ರವ್ಯವನ್ನೂ ಮರುಪರಿಶೀಲಿಸಿದುದು. ತುಪ್ಪ ಜೇನುಗಳ ಲೇಪವನ್ನು ಹೇಳುವ ಕಡೆಯಲ್ಲಿ ಜೈನ ಶಾಲಾಕ್ಯಕಾರನು ಏನನ್ನು ಇಟ್ಟುಕೊಂಡನು, ಏನನ್ನು ಬಿಟ್ಟನು ಎಂಬುದು ಪೂಜ್ಯಪಾದನ ಶಾಲಾಕ್ಯವು ದೊರೆತಿದ್ದರೆ ಮೊದಲು ನೋಡಬೇಕಾಗಿದ್ದ ಸ್ಥಳ. ಉಗ್ರಾದಿತ್ಯನ ಗ್ರಂಥವು 1940ರಲ್ಲಿ ಸೋಲಾಪುರದಿಂದ ಹಿಂದೀ ಅನುವಾದದೊಡನೆ ಮುದ್ರಿತವಾಗಿ ವಿದ್ವಾಂಸರ ಕೈಸೇರಿತು. ಪೂಜ್ಯಪಾದನ ಶಾಲಾಕ್ಯಕ್ಕೆ ಆ ಭಾಗ್ಯ ಬರಲಿಲ್ಲ.

ಸರ್ವಾರ್ಥಸಿದ್ಧಿಯನ್ನು ರಚಿಸಿದ ಪೂಜ್ಯಪಾದ ದೇವನಂದಿಯೂ ವೈದ್ಯನಾದ ಪೂಜ್ಯಪಾದನೂ ಒಬ್ಬನೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ಆದರೆ ನಾಮಕರ್ಮದ ಪ್ರಭೇದಗಳನ್ನು ವಿವರಿಸುವಾಗ ಸರ್ವಾರ್ಥಸಿದ್ಧಿಯು ನಿರ್ಮಾಣನಾಮಕರ್ಮವನ್ನು ಸ್ಥಾನನಿರ್ಮಾಣ, ಪ್ರಮಾಣನಿರ್ಮಾಣವೆಂದು ಎರಡಾಗಿ ವಿಭಾಗಿಸಿ, ಕಣ್ಣು ಮೊದಲಾದ ಅಂಗಗಳ ಸ್ಥಾನ ಪ್ರಮಾಣಗಳು ಅದರಿಂದ ಉಂಟಾಗುತ್ತವೆಂದು ಹೇಳಿರುವುದು ನಮ್ಮ ವಿಷಯಕ್ಕೆ ಸಮೀಪವಾದುದು. ಅಂಗವು ಎಲ್ಲಿರಬೇಕು, ಎಷ್ಟಿರಬೇಕು ಎಂಬ ಎರಡು ಪ್ರಶ್ನೆಗಳೇ ರೆಪ್ಪೆಯ ವೈಷಮ್ಯವನ್ನು ಅಳೆಯುವ ಇಂದಿನ ವೈದ್ಯನ ಮುಂದೆಯೂ ಇವೆ.

5

ಇತರ ದೇಶಗಳ ಇತಿಹಾಸವನ್ನೂ ಸಂಕ್ಷೇಪವಾಗಿ ನೋಡಬಹುದು. ರೋಮಿನ ಸೆಲ್ಸಸನು ಕ್ರಿ.ಶ. ಮೊದಲನೆಯ ಶತಮಾನದಲ್ಲಿಯೇ ಸಡಿಲವಾದ ಮೇಲಿನ ರೆಪ್ಪೆಯ ಚರ್ಮವನ್ನು ಕತ್ತರಿಸಿ ಹೊಲಿಯುವುದನ್ನು ವಿವರಿಸಿದ್ದಾನೆ. ಸುಮಾರು ಸಾವಿರ ವರ್ಷಗಳ ಹಿಂದೆ ಬಾಗ್ದಾದಿನಲ್ಲಿದ್ದ ನೇತ್ರವೈದ್ಯ ಅಲಿ ಇಬ್ನ್ ಈಸಾನ ಗ್ರಂಥದಲ್ಲಿ, ಹೆಚ್ಚಾದ ಚರ್ಮದ ಮಡಿಕೆಯನ್ನು ಎರಡು ಕಡ್ಡಿಗಳ ನಡುವೆ ಬಿಗಿದುಕಟ್ಟಿ ಅದು ತಾನಾಗಿ ಸತ್ತು ಉದುರುವಂತೆ ಮಾಡುವ ಉಪಾಯವಿದೆ.

ಕ್ರಿ.ಶ. 1794ರಲ್ಲಿ ಪುಣೆಯ ಪ್ರಾಂತದಲ್ಲಿ ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಿದ ವೃತ್ತಾಂತವು ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದರಿಂದ ಪ್ರೇರಿತನಾದ ಕಾರ್ಪ್ಯೂ 1816ರಲ್ಲಿ ತನ್ನ ಶಸ್ತ್ರಕ್ರಿಯೆಗಳನ್ನು ಪ್ರಕಟಿಸಿದನು. 1818ರಲ್ಲಿ ಬರ್ಲಿನ್ನಿನ ಗ್ರೇಫೆಯು ರೆಪ್ಪೆಯ ಪುನರ್ನಿರ್ಮಾಣಕ್ಕೆ ‘ಬ್ಲೆಫರೋಪ್ಲಾಸ್ಟಿ’ ಎಂಬ ಹೆಸರನ್ನಿಟ್ಟನು. ಈ ಶಬ್ದವು ಮೊದಲು ರೋಗದಿಂದಲೋ ಗಾಯದಿಂದಲೋ ನಾಶವಾದ ರೆಪ್ಪೆಯನ್ನು ಮತ್ತೆ ಕಟ್ಟುವುದಕ್ಕೆ ಸಲ್ಲುತ್ತಿತ್ತು. ಮುಖಶೋಭೆಗಾಗಿ ಮಾಡುವ ಶಸ್ತ್ರಕ್ರಿಯೆಯೆಂಬ ಅರ್ಥವು ಅನಂತರ ಸೇರಿಕೊಂಡಿತು.

ರೆಪ್ಪೆಗಳ ವೈಷಮ್ಯವನ್ನೇ ಕಾರಣವಾಗಿಟ್ಟುಕೊಂಡು ಮಾಡಿದ ಶಸ್ತ್ರಕ್ರಿಯೆಗೆ ಒಂದು ಸ್ಪಷ್ಟ ನಿದರ್ಶನವು ಜಪಾನಿನಲ್ಲಿ ದೊರೆಯುತ್ತದೆ. 1896ರಲ್ಲಿ ಮಿಕಾಮೊ ಎಂಬ ವೈದ್ಯನು, ಒಂದು ಕಣ್ಣಿನ ರೆಪ್ಪೆಯಲ್ಲಿ ಮಡಿಕೆಯಿದ್ದು ಇನ್ನೊಂದರಲ್ಲಿ ಇಲ್ಲದಿದ್ದ ಸ್ತ್ರೀಯೊಬ್ಬಳಿಗೆ, ಚರ್ಮವನ್ನು ಕತ್ತರಿಸದೆ ಹೊಲಿಗೆಗಳಿಂದಲೇ ಮಡಿಕೆಯನ್ನುಂಟುಮಾಡಿ ಎರಡನ್ನೂ ಸಮಗೊಳಿಸಿದುದನ್ನು ಪ್ರಕಟಿಸಿದನು.

6

ಇಂದಿನ ವೈದ್ಯರ ವಿಚಾರಸರಣಿಯನ್ನು ನೋಡಿದರೆ ಮೊದಲ ಪ್ರಶ್ನೆಯು ‘ಯಾವ ಶಸ್ತ್ರಕ್ರಿಯೆ?’ ಎಂಬುದಲ್ಲ, ‘ಯಾವ ರೆಪ್ಪೆ ತಪ್ಪಿದೆ, ಏಕೆ ತಪ್ಪಿದೆ?’ ಎಂಬುದು. ಪಾಪೆಯ ನಡುವಿನಲ್ಲಿ ಕಾಣುವ ಬೆಳಕಿನ ಬಿಂದುವಿನಿಂದ ಮೇಲಿನ ರೆಪ್ಪೆಯ ಅಂಚಿನವರೆಗಿನ ಅಂತರವು ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್ ಇರುತ್ತದೆ. ಇದನ್ನು ಎರಡು ಕಣ್ಣುಗಳಲ್ಲಿಯೂ ಅಳೆಯುತ್ತಾರೆ. ಒಂದು ರೆಪ್ಪೆ ಇಳಿದಂತೆ ಕಂಡರೂ ಕೆಲವೊಮ್ಮೆ ಅದೇ ಸರಿಯಾಗಿದ್ದು, ಥೈರಾಯ್ಡ್ ರೋಗದಿಂದ ಇನ್ನೊಂದು ಮೇಲಕ್ಕೆ ಸೆಳೆಯಲ್ಪಟ್ಟಿರುತ್ತದೆ. ಹುಬ್ಬು ಇಳಿದಿರಬಹುದು, ಚರ್ಮ ಮಾತ್ರ ಜೋತಿರಬಹುದು, ರೆಪ್ಪೆಯನ್ನು ಎತ್ತುವ ಸ್ನಾಯುವೇ ಹುಟ್ಟಿನಿಂದ ದುರ್ಬಲವಾಗಿರಬಹುದು, ವಯಸ್ಸಾದಂತೆ ಅದರ ತಂತು ಸಡಿಲಗೊಂಡಿರಬಹುದು. ದಿನದ ಕೊನೆಗೆ ಹೆಚ್ಚುವ ಜೋಲುವಿಕೆಯು ಮಯಸ್ತೇನಿಯ ಗ್ರೇವಿಸ್ ಎಂಬ ಸ್ನಾಯುದೌರ್ಬಲ್ಯದ ಸೂಚನೆಯಾಗಿರಬಹುದು. ಇದ್ದಕ್ಕಿದ್ದಂತೆ ರೆಪ್ಪೆ ಇಳಿದು, ತಲೆನೋವು, ಎರಡೆರಡಾಗಿ ಕಾಣುವಿಕೆ, ಪಾಪೆಗಳ ಗಾತ್ರದಲ್ಲಿ ಭೇದ ಇವು ಕಂಡುಬಂದರೆ ಮಿದುಳಿನ ರಕ್ತನಾಳದ ಅಪಾಯಕರ ಉಬ್ಬು ಕಾರಣವಾಗಿರಬಹುದಾದ್ದರಿಂದ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಕಾರಣವು ಗೊತ್ತಾದ ಮೇಲೆ ಚಿಕಿತ್ಸೆ. ರೋಗದಿಂದ ಬಂದುದಾದರೆ ಆ ರೋಗಕ್ಕೆ ಔಷಧ ಮೊದಲು. ಸ್ನಾಯುವಿನ ಬಲವು ಚೆನ್ನಾಗಿದ್ದು ತಂತು ಮಾತ್ರ ಸಡಿಲವಾಗಿದ್ದರೆ ಅದನ್ನು ಮುಂದಕ್ಕೆ ತಂದು ಹೊಲಿಯುತ್ತಾರೆ. ಅಲ್ಪ ಪ್ರಮಾಣದ ಇಳಿತಕ್ಕೆ ರೆಪ್ಪೆಯ ಒಳಬದಿಯಿಂದ ಮುಲ್ಲರ್ ಸ್ನಾಯುವನ್ನು ಕಿರಿದುಗೊಳಿಸುವ ಕ್ರಮವು 1975ರಿಂದ ಬಳಕೆಯಲ್ಲಿದೆ. ಸ್ನಾಯುವಿನ ಶಕ್ತಿಯು ತೀರ ಕಡಿಮೆಯಿದ್ದರೆ ತೊಡೆಯ ತಂತುಪಟಲದಿಂದಲೋ ಸಿಲಿಕೋನ್ ಎಳೆಯಿಂದಲೋ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ತೂಗುಹಾಕುತ್ತಾರೆ. ಸುಶ್ರುತನ ಹಣೆಪಟ್ಟಿಯು ಗಾಯ ಮಾಗುವವರೆಗಿನ ತಾತ್ಕಾಲಿಕ ಆಸರೆ. ಇದು ಹಣೆಯ ಬಲವನ್ನೇ ರೆಪ್ಪೆಗೆ ಶಾಶ್ವತವಾಗಿ ಒದಗಿಸುವ ವ್ಯವಸ್ಥೆ. ಚರ್ಮ ಮಾತ್ರ ಹೆಚ್ಚಿದ್ದರೆ ಬ್ಲೆಫರೋಪ್ಲಾಸ್ಟಿ ಸಾಕು. ಆದರೆ ಸ್ನಾಯು ಸೋತಿರುವಲ್ಲಿ ಚರ್ಮವನ್ನಷ್ಟೇ ತೆಗೆದರೆ ರೆಪ್ಪೆ ಏಳುವುದಿಲ್ಲ. ಶಸ್ತ್ರ ಬೇಡವೆನ್ನುವವರಿಗೆ ರೆಪ್ಪೆಯನ್ನು ಎತ್ತಿಹಿಡಿಯುವ ಊರೆಯುಳ್ಳ ಕನ್ನಡಕವಿದೆ. ವಯಸ್ಕರಲ್ಲಿ ಅನಂತರ ಬಂದ ಜೋಲುವಿಕೆಗೆ ಕೆಲವು ಗಂಟೆಗಳ ಕಾಲ ರೆಪ್ಪೆಯನ್ನೆತ್ತುವ ಆಕ್ಸಿಮೆಟಜೊಲಿನ್ ಹನಿಗೆ 2020ರಲ್ಲಿ ಅಮೆರಿಕದ ಔಷಧ ಆಡಳಿತವು ಮಾನ್ಯತೆ ನೀಡಿದೆ. ಮಕ್ಕಳ ವಿಷಯ ಬೇರೆ. ಇಳಿದ ರೆಪ್ಪೆಯು ಪಾಪೆಯನ್ನು ಮುಚ್ಚಿದರೆ ಆ ಕಣ್ಣು ನೋಡುವುದನ್ನೇ ಕಲಿಯದೆ ಮಂದವಾಗಿ ಉಳಿಯುತ್ತದೆ. ಆದ್ದರಿಂದ ಅಲ್ಲಿ ತಡಮಾಡುವಂತಿಲ್ಲ.

ಎರಡು ರೆಪ್ಪೆಗಳೂ ಒಂದೇ ಪ್ರಮಾಣದ ಪ್ರೇರಣೆಯನ್ನು ಪಡೆಯುತ್ತವೆಂಬ ಹೇರಿಂಗನ ನಿಯಮವು ಈ ಚಿಕಿತ್ಸೆಯಲ್ಲಿ ಮುಖ್ಯ. ಇಳಿದ ರೆಪ್ಪೆಯನ್ನು ಎತ್ತಲು ಮಿದುಳು ಹೆಚ್ಚು ಪ್ರಯತ್ನಿಸುತ್ತಿದ್ದಾಗ ಇನ್ನೊಂದು ರೆಪ್ಪೆಯೂ ಆ ಬಲದಿಂದಲೇ ಮೇಲಿರುತ್ತದೆ. ಒಂದನ್ನು ಸರಿಪಡಿಸಿದೊಡನೆ ಇನ್ನೊಂದು ಇಳಿಯಬಹುದು. ಇದನ್ನು ಮೊದಲೇ ಪರೀಕ್ಷಿಸದೆ ಶಸ್ತ್ರವನ್ನು ಹಿಡಿದರೆ ವೈಷಮ್ಯವು ಪಕ್ಕ ಬದಲಾಯಿಸುತ್ತದೆಯೇ ವಿನಾ ಹೋಗುವುದಿಲ್ಲ. ಚರ್ಮವನ್ನು ಅತಿಯಾಗಿ ತೆಗೆದರೆ ಕಣ್ಣು ಮುಚ್ಚದೆ ಒಣಗುತ್ತದೆ. ಅಪರೂಪವಾಗಿ ಕಣ್ಣಿನ ಹಿಂದೆ ರಕ್ತ ಕಟ್ಟಿ ದೃಷ್ಟಿಯೇ ಹೋಗಬಹುದು. ಮನುಷ್ಯರ ಮುಖದ ಎರಡು ಪಾರ್ಶ್ವಗಳು ಎಂದೂ ಪೂರ್ಣ ಸಮವಲ್ಲ. ಮೂರ್ತಿಶಿಲ್ಪದಲ್ಲಿ ಸಾಧ್ಯವಾದ ಸಮತೆಯನ್ನು ದೇಹದಲ್ಲಿ ಅಪೇಕ್ಷಿಸುವವರು ಕೇವಲ ಶೋಭೆಗಾಗಿ ಶಸ್ತ್ರಕ್ಕೆ ಒಡ್ಡಿಕೊಳ್ಳುವ ಮುನ್ನ ಇದನ್ನೆಲ್ಲ ಆಲೋಚಿಸಬೇಕು. ಹಾಗೆಂದು ಮುಖದ ವೈಷಮ್ಯದಿಂದ ಮನಸ್ಸಿನಲ್ಲಿ ನೋಯುವವರ ಕಷ್ಟವು ಅಲ್ಪವೆಂದು ಹೇಳುವುದೂ ನ್ಯಾಯವಲ್ಲ.

7

ಈಗ ನಾವು ಮೊದಲಿನ ಗುಡಿಸಿಗೆ ಹಿಂದಿರುಗಬಹುದು. ರೆಪ್ಪೆಯು ಜೋತು ಮುಚ್ಚಿಕೊಂಡಿದ್ದರೆ ಇಂದಿನ ವೈದ್ಯನು ಅದನ್ನು ಮೇಲೆತ್ತುತ್ತಾನೆ. ರೆಪ್ಪೆಯು ಮುಚ್ಚಲಾರದಿದ್ದರೆ, ಉದಾಹರಣೆಗೆ ಮುಖದ ಪಾರ್ಶ್ವವಾತದಲ್ಲಿ, ಅದು ಕೆಳಗಿಳಿಯುವಂತೆ ಮೇಲಿನ ರೆಪ್ಪೆಯೊಳಗೆ ಚಿನ್ನದ ಅಥವಾ ಪ್ಲಾಟಿನಮ್ಮಿನ ಚಿಕ್ಕ ತೂಕವನ್ನು ಇಡುತ್ತಾನೆ. ಸುಶ್ರುತನ ಕಾಲಕ್ಕೆ ಅಸಾಧ್ಯವಾಗಿದ್ದ ಎರಡು ಸ್ಥಿತಿಗಳಿಗೂ ಇಂದು ಚಿಕಿತ್ಸೆಯಿದೆ. ಆದರೆ ಒಂದರ ಚಿಕಿತ್ಸೆಯು ಇನ್ನೊಂದಕ್ಕೆ ನೇರ ವಿರುದ್ಧವಾದುದು. ‘ನ’ ಎಂದಿರುವಲ್ಲಿ ‘ನಿ’ ಎಂದು ಓದಿ, ಆ ಓದಿನ ಆಧಾರದ ಮೇಲೆ ಯಾರಾದರೂ ವೈದ್ಯರಿಗೆ ಶಾಸ್ತ್ರಪ್ರಮಾಣವನ್ನು ಒದಗಿಸಿದರೆ ಅದರ ಫಲವನ್ನು ಅನುಭವಿಸುವುದು ಒಬ್ಬ ರೋಗಿಯ ಕಣ್ಣು. ಕಾವ್ಯದ ಪಾಠದಲ್ಲಿ ತಪ್ಪಾದರೆ ರಸಕ್ಕೆ ಭಂಗ; ವೈದ್ಯಗ್ರಂಥದ ಪಾಠದಲ್ಲಿ ತಪ್ಪಾದರೆ ದೇಹಕ್ಕೆ ಭಂಗ.

ಆದ್ದರಿಂದ ಮಠ, ಬಸದಿ, ಮನೆತನಗಳ ಭಂಡಾರಗಳಲ್ಲಿರುವ ವೈದ್ಯದ ಓಲೆಗಳನ್ನು ಸೂಚಿಗಳಲ್ಲಿ ದಾಖಲಿಸುವಾಗ ಕೇವಲ ‘ವೈದ್ಯ, ಅಪೂರ್ಣ’ ಎಂದು ಬರೆದು ಮುಗಿಸದೆ, ಒಳಗಿನ ವಿಷಯವು ಯಾವ ಅಂಗಕ್ಕೆ ಸೇರಿದುದೆಂಬುದನ್ನೂ ಗುರುತಿಸುವುದು ಅವಶ್ಯ. ನೇತ್ರರೋಗದ ನಾಲ್ಕು ಗರಿಗಳಿರುವ ಕಟ್ಟೊಂದು ಪೂಜ್ಯಪಾದನ ಶಾಲಾಕ್ಯದ ಶೇಷವಾಗಿರುವುದು ಅಸಂಭವವೇನಲ್ಲ. ಇಂಥ ಕಟ್ಟುಗಳನ್ನು ಓದುವಾಗ ಲಿಪಿಕಾರನು ಬರೆದುದನ್ನು ಇದ್ದಂತೆಯೇ ನಮೂದಿಸಿ, ಸಂದೇಹವಿದ್ದಲ್ಲಿ ಎರಡೂ ಪಾಠಗಳನ್ನು ಕೊಟ್ಟು, ಅರ್ಥನಿರ್ಣಯಕ್ಕೆ ನೇತ್ರವೈದ್ಯರೊಬ್ಬರನ್ನು ಜೊತೆಗೆ ಕೂಡಿಸಿಕೊಳ್ಳುವುದು ಶ್ರೇಯಸ್ಕರ. ಓಲೆಯ ಮೇಲಿನ ಒಂದು ಕಿರಿಯ ಸುತ್ತನ್ನು ನಿಷ್ಠೆಯಿಂದ ನೋಡುವ ಕಣ್ಣುಗಳೇ ಶಾಸ್ತ್ರವನ್ನೂ ಕಣ್ಣನ್ನೂ ಕಾಯುವಂಥವು.